ಮಹಾದೇವಿ ಸಿಸ್ಟರು ಎಬ್ಬಿಸಿದ ಮಧ್ಯಾಹ್ನ

ಮೊನ್ನೆ ನನ್ನ ಔಷಧಿ ಅಂಗಡಿಯ ಮೇಲಿನ ಹಲಗೆಯಲ್ಲಿದ್ದ ಕೊಬ್ಬರಿ ಎಣ್ಣೆಯ ಬಾಟಲಿಯೊಂದು ಯಾವಾಗ ಸೀಳು ಬಿಟ್ಟಿತೋ ಗೊತ್ತಿಲ್ಲ. ಊಟ ಮುಗಿಸಿ ಬಂದು ಶಟರ್ ಎತ್ತಿದರೆ ಅಂಗಡಿ ತುಂಬ ಅದರದೇ ವಾಸನೆ. ನಮ್ಮ ಬ್ಯಾಡಗಿಯಲ್ಲಿ ಬೇರೆ ಯಾವ ವಾಸನೆಯಾದರೂ ಮೂಗಿನವರೆಗೆ ಬರಬೇಕೆಂದರೆ ಮೆಣಸಿನಕಾಯಿಯ ಘಾಟಿನ ಅಪ್ಪಣೆ ಪಡೆದೇ ಬರಬೇಕು. ಹೊಸಬರು ಬಸ್ಸಿಳಿದ ಕೂಡಲೇ ಸೀನುತ್ತಾರೆ. ನಾವು ಸೀನುವುದನ್ನೇ ಮರೆತವರು. ಅಂಥ ಊರಿನಲ್ಲಿ ಆ ತಣ್ಣನೆಯ, ಮೆತ್ತನೆಯ ವಾಸನೆ ಅಷ್ಟು ಗಟ್ಟಿಯಾಗಿ ನಿಂತಿತ್ತು. ಒರೆಸಲು ಬಟ್ಟೆ ಹಿಡಿದು ಸ್ಟೂಲು ಹತ್ತಿದವನು ಹತ್ತಿದಲ್ಲೇ ನಿಂತುಬಿಟ್ಟೆ. ಕಣ್ಣ ಮುಂದೆ ಇಪ್ಪತ್ತೆರಡು ಹೆಂಗಸರು ಸಾಲಾಗಿ ಕೂತು ತಲೆ ಬಾಚಿಸಿಕೊಳ್ಳುತ್ತಿದ್ದರು.

ಇದು ಆರೇಳು ವರ್ಷಗಳ ಹಿಂದಿನ ಮಾತು. ಆಗ ನಾನು ರಾಣೆಬೆನ್ನೂರಿನ ಅಂಚಿನಲ್ಲಿದ್ದ ಒಂದು ಖಾಸಗಿ ಮಾನಸಿಕ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸದಲ್ಲಿದ್ದೆ. ಆಸ್ಪತ್ರೆಯ ಹೆಸರು ಕೇಳಬೇಡಿ, ಈಗ ಆ ಬೋರ್ಡೂ ಅಲ್ಲಿಲ್ಲ. ಮೊದಲು ಅದು ಅರಳೆ ಹಿಂಜುವ ಮಿಲ್ಲಾಗಿತ್ತಂತೆ. ಯಂತ್ರಗಳು ಹೋಗಿ ಮಂಚಗಳು ಬಂದರೂ ಹತ್ತಿಯ ಎಳೆಗಳು ಮಾತ್ರ ಹೋಗಿರಲಿಲ್ಲ. ತೊಲೆಗಳ ಸಂದಿಯಲ್ಲಿ ಎಲ್ಲೋ ಅಡಗಿದ್ದು, ಗಾಳಿ ಬಂದಾಗ ಒಂದೊಂದೇ ಕಳಚಿಕೊಂಡು, ಮೇಲಿನ ಗವಾಕ್ಷಿಯಿಂದ ಬೀಳುವ ಬಿಸಿಲುಕೋಲಿನಲ್ಲಿ ತೇಲುತ್ತ, ಇಳಿಯಲೋ ಬೇಡವೋ ಎಂದು ಯೋಚಿಸುತ್ತ ಇಳಿಯುತ್ತಿದ್ದವು. ಕೆಳಗೆ ಹೆಂಗಸರ ವಾರ್ಡು. ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿ ಎಲ್ಲರೂ ಮಲಗಿರುತ್ತಿದ್ದರು. ಹೊದಿಕೆಯ ಮೇಲೆ, ಕೂದಲ ಮೇಲೆ ಹತ್ತಿ ಬೀಳುತ್ತಿತ್ತು. ನೋಡಲು ಬಂದವರು ಬಾಗಿಲಲ್ಲೇ ದನಿ ತಗ್ಗಿಸಿ, "ಎಷ್ಟ್ ಶಾಂತ ಐತ್ರಿ ಇಲ್ಲಿ!" ಎನ್ನುತ್ತಿದ್ದರು.

ಆ ಶಾಂತಿ ನನ್ನ ಕಪಾಟಿನಿಂದ ಹೋಗುತ್ತಿತ್ತು. ಊಟವಾದ ಮೇಲೆ ಹೆಂಗಸರ ವಾರ್ಡಿನ ಎಲ್ಲರಿಗೂ ನಿದ್ದೆ ಬರಿಸುವ ಒಂದೊಂದು ಇಂಜೆಕ್ಷನ್ ಎಂದು ದೊಡ್ಡ ಡಾಕ್ಟರು ಯಾವ ಕಾಲದಲ್ಲೋ ಬರೆದಿಟ್ಟಿದ್ದರು. ಇಂಥವರಿಗೆ ಇಂಥ ಕಾರಣಕ್ಕೆ ಎಂದಿಲ್ಲ, ಎಲ್ಲರಿಗೂ, ದಿನಾಲೂ. ನಾನು ಇಪ್ಪತ್ತೆರಡು ಗಾಜಿನ ಸಣ್ಣ ಸೀಸೆಗಳನ್ನು ಟ್ರೇನಲ್ಲಿ ಜೋಡಿಸಿ ಕಳಿಸಿ, ಮೇಜಿನ ಮೇಲೆ ತಲೆಯಿಟ್ಟು ನಾನೂ ಮಲಗುತ್ತಿದ್ದೆ. ಇಡೀ ಕಟ್ಟಡದಲ್ಲಿ ಇಂಜೆಕ್ಷನ್ನಿನ ನೆರವಿಲ್ಲದೆ ನಿದ್ದೆ ಹೋಗುತ್ತಿದ್ದವನು ನಾನೊಬ್ಬನೇ ಎಂಬ ಹೆಮ್ಮೆಯೂ ಇತ್ತು. ತಪ್ಪು ಮಾಡುತ್ತಿದ್ದೇನೆಂದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿರುವುದಕ್ಕೆ ಎಚ್ಚರವಾಗಿರಬೇಕಲ್ಲ.

ಮಹಾದೇವಿ ಸಿಸ್ಟರು ಬಂದದ್ದು ಒಂದು ಬೇಸಿಗೆಯಲ್ಲಿ. ಕರ್ಜಗಿಯವರು. ಬೆಳಿಗ್ಗೆ ಹಾವೇರಿಗೆ ಒಂದು ಬಸ್ಸು, ಅಲ್ಲಿಂದ ರಾಣೆಬೆನ್ನೂರಿಗೆ ಇನ್ನೊಂದು. ನಲವತ್ತರ ಆಸುಪಾಸು, ಗಿಡ್ಡ ಆಳು, ನಡಿಗೆ ನಿಧಾನ, ಮಾತು ಅದಕ್ಕಿಂತ ನಿಧಾನ. ಬಂದ ವಾರ ಏನೂ ಹೇಳಲಿಲ್ಲ. ಒಬ್ಬೊಬ್ಬರ ಮಂಚದ ಹತ್ತಿರ ಕೂತು ಬರೀ ನೋಡಿದರು. ಎಂಟನೆಯ ದಿನ ಟ್ರೇ ಹಿಡಿದು ನನ್ನ ಕಿಟಕಿಗೆ ಬಂದರು. ಒಂದು ಸೀಸೆಯ ಕತ್ತನ್ನೂ ಮುರಿದಿರಲಿಲ್ಲ.

"ಇವನ್ನ ವಾಪಸ್ ತಗೋರಿ."

"ಯಾಕ್ರಿ ಸಿಸ್ಟರ್, ಡೇಟ್ ಮುಗದಾವೇನು?"

"ಡೇಟ್ ಮುಗದಿಲ್ಲ. ಯಾರಿಗೂ ಬೇಕಾಗಿಲ್ಲ."

"ಡಾಕ್ಟರ್ ಬರದಾರಲ್ರಿ!"

"ಬರದಾರ. ಯಾರಿಗೆ ಏನ್ ತ್ರಾಸ ಐತಿ ಅನ್ನೂದು ಬರದಿಲ್ಲ. ಅದನ್ನ ಬರದ ಕೊಡ್ಲಿ, ನಾನ ಚುಚ್ಚತೇನಿ. ಬ್ಯಾನಿ ಇದ್ದೋರಿಗೆ ಗುಳಿಗಿ ಕೊಟ್ಟೇನಿ, ಅದನ್ನೇನ್ ಬಿಟ್ಟಿಲ್ಲ."

ಅಂದು ನನಗೆ ನಿದ್ದೆ ಬರಲಿಲ್ಲ. ವಾರ್ಡಿನಿಂದ ಸದ್ದು ಬರುತ್ತಿತ್ತು. ಗಲಾಟೆಯಲ್ಲ, ಬರೀ ಸದ್ದು: ಯಾರೋ ಕೆಮ್ಮಿದ್ದು, ಬಳೆ ಮಂಚಕ್ಕೆ ತಾಗಿದ್ದು. ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಸಿಸ್ಟರು ನೆಲದ ಮೇಲೆ ಕೂತಿದ್ದರು. ಮುಂದೆ ಒಬ್ಬಳು, ಆಕೆಯ ಮುಂದೆ ಇನ್ನೊಬ್ಬಳು, ಸಾಲು ಗೋಡೆಯವರೆಗೆ. ಕೊಬ್ಬರಿ ಎಣ್ಣೆಯ ಬಟ್ಟಲು ಕೈಯಿಂದ ಕೈಗೆ ಹೋಗುತ್ತಿತ್ತು. ತಿಂಗಳುಗಟ್ಟಲೆ ಸಿಕ್ಕುಗಟ್ಟಿದ ಕೂದಲನ್ನು ಸಿಸ್ಟರು ತುದಿಯಿಂದ ಬಿಡಿಸುತ್ತಿದ್ದರು. ಮೇಲಿನಿಂದ ಹತ್ತಿಯ ಎಳೆಗಳು ಇಳಿಯುತ್ತಿದ್ದವು. ಮುದುಕಿಯೊಬ್ಬಳು ಅವನ್ನು ಗಾಳಿಯಲ್ಲೇ ಹಿಡಿಯಲು ಕೈ ಚಾಚುತ್ತಿದ್ದಳು. "ಈಗ ಯಾವ ತಿಂಗಳ್ರಿ?" ಎಂದು ಯಾರೋ ಕೇಳಿದರು. ಇನ್ಯಾರೋ, ಕಿಟಕಿಯಾಚೆ ಬೇವು ಹೂ ಬಿಟ್ಟಿದ್ದು ನೋಡಿ, ಹೇಳಿದರು. ಅದೇ ವಾರ್ಡನ್ನು ನಾನು ಮೂರು ವರ್ಷ ದಿನಾ ನೋಡಿದ್ದೆ. ಆ ಮಧ್ಯಾಹ್ನ ಮಾತ್ರ, ಕನಸಿನಲ್ಲಿ ಪರಿಚಯದ ಮನೆಗೆ ಹೊಸ ಕೋಣೆಯೊಂದು ಸೇರಿಕೊಂಡಿರುತ್ತದಲ್ಲ, ಹಾಗೆ ಕಂಡಿತು.

ಸಾಲಿನ ಕೊನೆಯಲ್ಲಿ ಕೂತಿದ್ದವಳು ನೀಲವ್ವ. ಮೋಟೆಬೆನ್ನೂರಿನವಳು, ಮೂವತ್ತು ದಾಟಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅನ್ನ ಬಿಟ್ಟು, ಮಾತು ಬಿಟ್ಟು ಕೂತವಳನ್ನು ಅಣ್ಣ ಕರೆತಂದು ಸೇರಿಸಿದ್ದ. ತಿಂಗಳೊಪ್ಪತ್ತಿನಲ್ಲಿ ಆಕೆ ಚೇತರಿಸಿಕೊಂಡಿದ್ದಳು. ಆಮೇಲೂ ಒಂದು ವರ್ಷ ಅಲ್ಲೇ ಇದ್ದಳು. ಅಣ್ಣನಿಗೆ ಕರೆದೊಯ್ಯುವ ಮನಸ್ಸಿರಲಿಲ್ಲ, ಡಾಕ್ಟರಿಗೆ ಕೇಳುವ ಮನಸ್ಸಿರಲಿಲ್ಲ, ಆಕೆಗೆ ಕೇಳುವಷ್ಟು ಎಚ್ಚರ ಇರಲಿಲ್ಲ. ಇಂಜೆಕ್ಷನ್ ನಿಂತ ನಾಲ್ಕನೆಯ ದಿನ ಸಿಸ್ಟರಲ್ಲಿ ಪೆನ್ನು ಕೇಳಿ, ಪಕ್ಕದ ಮಂಚದ, ಹತ್ತಿ ಹಿಡಿಯುತ್ತಿದ್ದ ಆ ಮುದುಕಿಗಾಗಿ ಅವಳ ಮಗನಿಗೆ ಕಾಗದ ಬರೆದುಕೊಟ್ಟಳು. ಅಕ್ಷರ ಮುತ್ತಿನಂತೆ.

ಮರುದಿನ ಸಿಸ್ಟರು ನೀಲವ್ವನ ಫೈಲು ಹಿಡಿದು ನನ್ನಲ್ಲಿಗೆ ಬಂದರು. 'ನಾನು ಸ್ವಂತ ಇಚ್ಛೆಯಿಂದ ಸೇರುತ್ತಿದ್ದೇನೆ' ಎಂಬ ಕಾಗದದ ಕೆಳಗೆ ಹೆಬ್ಬೆಟ್ಟಿನ ಗುರುತು.

"ಇಷ್ಟ್ ಚಂದ ಬರಿಯಾಕಿ ಹೆಬ್ಬಟ್ಟ ಯಾಕ ಒತ್ಯಾಳ್ರಿ?"

ಅವರ ಬೆರಳು ಒಂದು ಸಾಲು ಕೆಳಗೆ ಜಾರಿತು. ಅಲ್ಲಿ 'ಸಾಕ್ಷಿ' ಎಂದಿತ್ತು.

"ಇದು ನಿಮ್ಮ ಸಹಿ ಅಲ್ಲೇನ್ರಿ?"

ನನ್ನದೇ. ನನ್ನ ಸಹಿಯ ಬಾಲ ಉದ್ದ; ಹೈಸ್ಕೂಲಿನಲ್ಲಿ ದೊಡ್ಡ ಮನುಷ್ಯನಾಗುವ ಆಸೆಯಿಂದ ರೂಢಿಸಿಕೊಂಡದ್ದು. ಆ ಕಾಗದ ಯಾವತ್ತು ಬಂತೋ, ಯಾರು ತಂದರೋ ನೆನಪಿಲ್ಲ. ಅಂಥವು ಹತ್ತಾರು ಬರುತ್ತಿದ್ದವು. ಎಡಗೈಯಲ್ಲಿ ಮಿರ್ಚಿ ಭಜಿ ಹಿಡಿದು ತಿನ್ನುತ್ತ ಬಲಗೈಯಿಂದ ಸಹಿ ಮಾಡಿದ್ದೇನೆ, ಆ ಹೆಂಗಸರ ಮುಖ ನೋಡದೆ. ಸಿಸ್ಟರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಫೈಲು ಮುಚ್ಚಿ ಹೋದರು. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗಬಹುದಿತ್ತು.

ಈಗಿನ ಕಾಯ್ದೆಯಲ್ಲಿ ಇಂಥ ಆಸ್ಪತ್ರೆಯಲ್ಲಿರುವವರು ತಾವೇ ಅರ್ಜಿ ಹಾಕಿಕೊಳ್ಳಬಹುದು, ಅದನ್ನು ವಿಚಾರಿಸಲು ಒಂದು ಮಂಡಳಿ ಇರುತ್ತದೆ ಎಂಬುದು ಸಿಸ್ಟರಿಗೆ ತಿಳಿದಿತ್ತು. ನೀಲವ್ವನಿಗೆ ಹೇಳಿದರು. ನೀಲವ್ವ ಒಂದು ಪುಟ ಬರೆದಳು. ಅದನ್ನು ಹಿಡಿದು ಸಿಸ್ಟರು ನೇರ ದೊಡ್ಡ ಡಾಕ್ಟರ ಕೋಣೆಗೆ ಹೋದರು. ತಿಂಗಳ ಔಷಧಿ ಪಟ್ಟಿ ತೋರಿಸಲು ನಾನೂ ಅಲ್ಲೇ ನಿಂತಿದ್ದೆ.

ದೊಡ್ಡ ಡಾಕ್ಟರು ಕೆಟ್ಟ ಮಾತಾಡಿದವರಲ್ಲ. ಗದರಿದ್ದನ್ನೂ ನಾನು ಕಂಡಿಲ್ಲ. "ಸಿಸ್ಟರ್, ಮನಿಯವರ ಬ್ಯಾಡ ಅಂದೋರನ್ನ ನಾ ಇಟ್ಕೊಂಡೇನಿ. ಇದು ಪುಣ್ಯದ ಕೆಲಸ. ನಿಮಗ ಗೊತ್ತಾಗಾಂಗಿಲ್ಲ" ಎಂದರು, ನಗುತ್ತ.

"ಇಟ್ಕೊಂಡೀರಿ ಸರ್, ಖರೇ. ಎಬ್ಬಿಸಿಲ್ಲ."

"ಡಾಕ್ಟರ್ ನಾನೋ, ನೀವೋ?"

"ನೀವ. ಅದಕ್ಕ ನಿಮ್ಮ ಮುಂದ ಹೇಳಾಕ ಬಂದೇನಿ. ನೀಲವ್ವನ ಅರ್ಜಿ ಹಾವೇರಿಗೆ ಒಯ್ಯಾಕತ್ತೇನಿ. ಆಕಿ ಬರದಿದ್ದು, ಓದಬೇಕಂದ್ರ ಓದ್ರಿ."

ಡಾಕ್ಟರು ಓದಲಿಲ್ಲ. "ಒಯ್ರಿ. ಹುಚ್ಚರ ಅರ್ಜಿ ಯಾರ್ ಓದತಾರ? ನಾಳಿಂದ ನೀವು ಬರೂದು ಬ್ಯಾಡ" ಎಂದರು. ನಗು ಹಾಗೆಯೇ ಇತ್ತು.

ಗೇಟಿನವರೆಗೆ ನಾನು ಅವರ ಹಿಂದೆ ಹೋದೆ. ಕಾಗದವನ್ನು ಕೈಯಲ್ಲೇ ಹಿಡಿದಿದ್ದರು. "ಚೀಲದಾಗರ ಇಟ್ಕೋರಿ ಸಿಸ್ಟರ್, ಯಾರಾರ ನೋಡಿದ್ರ..." ಎಂದೆ. "ನೋಡ್ಲೇಳ್ರಿ. ಇದೇನ್ ಕಳವಿನ ಮಾಲೇನು?" ಎಂದು ಬಸ್‌ ಸ್ಟ್ಯಾಂಡಿನ ಕಡೆ ನಡೆದರು. ಅದೇ ನಿಧಾನದ ನಡಿಗೆ.

ಆಮೇಲೆ ಮೂರು ವಾರ ವಾರ್ಡು ಮತ್ತೆ ಮಲಗಿತು. ಟ್ರೇ ನಾನೇ ಜೋಡಿಸುತ್ತಿದ್ದೆ. ಕೈ ತನ್ನಷ್ಟಕ್ಕೆ ಜೋಡಿಸುತ್ತಿತ್ತು, ನಾನು ಬೇರೆ ಕಡೆ ನೋಡುತ್ತಿದ್ದೆ. ನಿದ್ದೆ ಮಾತ್ರ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹತ್ತು ಗಂಟೆಗೇ ವಾರ್ಡಿನವರು ಟ್ರೇ ಕೇಳಿದರು. ಹಾವೇರಿಯಿಂದ ಮಂಡಳಿಯವರು ಬರುತ್ತಾರೆಂದು ಸುದ್ದಿಯಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಕೇಳಿದ್ರ, ಸೇರಿಸುವಾಗ ಆಕಿ ಕೈ ನಡಗತಿತ್ತು, ಅದಕ್ಕ ಹೆಬ್ಬಟ್ಟ ತಗೊಂಡ್ವಿ ಅಂತ ಹೇಳ್ರಿ" ಎಂದರು. ಆಗಲಿ ಎಂದೆ. ಸೀಸೆಗಳನ್ನೂ ಕೊಟ್ಟೆ. ಹೌದು, ಅಂದೂ ಕೊಟ್ಟೆ.

ಹನ್ನೊಂದಕ್ಕೆ ಮೂವರು ಬಂದರು. ಮುಂದಾಳಾಗಿ ಬಂದಿದ್ದವರು ಹಣ್ಣುಗೂದಲಿನ ಒಬ್ಬ ಹೆಣ್ಣುಮಗಳು, ಕಾನೂನು ಬಲ್ಲವರು. ನೀಲವ್ವನ ಮಂಚದ ಹತ್ತಿರ ಬಾಗಿ, "ನಿನ್ನ ಹೆಸರೇನವ್ವಾ?" ಎಂದರು. ನೀಲವ್ವ ಕಣ್ಣು ತೆರೆದಳು. ತುಟಿ ಅಲುಗಿತು. ನಾಲಿಗೆ ಏಳಲಿಲ್ಲ. ಕಣ್ಣು ಮತ್ತೆ ಮುಚ್ಚಿದವು.

"ನೋಡ್ರಿ ಮೇಡಂ," ಎಂದರು ಡಾಕ್ಟರು ಮರುಕದಿಂದ, "ಇದ ಆಕಿ ಪರಿಸ್ಥಿತಿ."

ಮೇಡಂ ಅರ್ಜಿಯನ್ನು ಮಡಿಸತೊಡಗಿದರು. ಆ ಮಡಿಕೆ ನೋಡುತ್ತ ನಿಂತವನಿಗೆ ಯಾರದೋ ದನಿ ಕೇಳಿಸಿತು. ದೂರದ ಹೊಲದಲ್ಲಿ ಯಾರೋ ಯಾರನ್ನೋ ಕರೆದಂತೆ. ಅದು ನನ್ನದೇ.

"ಆಕಿಗೆ ಸೂಜಿ ಚುಚ್ಚ್ಯಾರ್ರಿ ಮೇಡಂ. ಒಂದ್ ತಾಸಿನ ಹಿಂದ. ಔಷಧಿ ನಾನ ಕೊಟ್ಟೇನಿ. ದಿನಾ ಕೊಡತೇವ್ರಿ, ಎಲ್ಲಾರಿಗೂ."

ಹೊರಟ ಮಾತು ನಿಲ್ಲಲಿಲ್ಲ. "ಆ ಕಾಗದದಾಗ ಸಾಕ್ಷಿ ಸಹಿ ನಂದ್ರಿ. ಆಕಿ ನನ್ನ ಮುಂದ ಹೆಬ್ಬಟ್ಟ ಒತ್ತಿಲ್ಲ. ನಾ ಆಕಿ ಮಾರಿ ನೋಡಿಲ್ಲ" ಎಂದೆ.

ಮೇಡಂ ಅರ್ಜಿಯ ಮಡಿಕೆ ಬಿಚ್ಚಿದರು. "ಒಂದ್ ಕುರ್ಚಿ ತರ್ರಿ. ಆಕಿ ಏಳೂತನಕ ಕುಂದರತೇನಿ" ಎಂದರು.

ಕೂತರು. ಜೊತೆಗೆ ಬಂದವರು ರಜಿಸ್ಟರುಗಳನ್ನು ನೋಡಲು ಹೋದರು. ಮೇಡಂ ಮಾತ್ರ ಅಲುಗಲಿಲ್ಲ. ಬಿಸಿಲುಕೋಲು ಒಂದು ಮಂಚದಿಂದ ಇನ್ನೊಂದಕ್ಕೆ ಸರಿಯಿತು. ಅವರ ಬಿಳಿ ಕೂದಲ ಮೇಲೂ ಹತ್ತಿ ಇಳಿದು ಕೂತಿತು. ಆ ನಿದ್ದೆಯ ಮನೆಯಲ್ಲಿ ಒಬ್ಬರು ಎಚ್ಚರವಾಗಿ ಕಾಯುವುದನ್ನು ನಾನು ಗೋಡೆಗೆ ಒರಗಿ ನೋಡುತ್ತಲೇ ಇದ್ದೆ. ನಾಲ್ಕರ ಸುಮಾರಿಗೆ ನೀಲವ್ವ ಎದ್ದಳು. ನೀರು ಕುಡಿದಳು. ಹೆಸರು ಹೇಳಿದಳು. ಅರ್ಜಿ ತೋರಿಸಿದಾಗ, "ನಂದ ಅಕ್ಷರ್ರಿ" ಎಂದಳು. ಮತ್ತೇನಾದರೂ ಹೇಳುವುದಿದೆಯೇ ಎಂದು ಕೇಳಿದಾಗ, "ನನ್ನ ಮಗಳು ಈಗ ಎಷ್ಟನೇ ಇಯತ್ತೇರಿ?" ಎಂದಳು.

ಎರಡು ವಾರದ ಮೇಲೆ ತಾಯಿಯ ತಂಗಿ, ಚಿಗವ್ವ, ಬಂದು ಆಕೆಯನ್ನು ಮೋಟೆಬೆನ್ನೂರಿಗೆ ಕರೆದೊಯ್ದಳು. ಮಗಳು ಶಾಲೆಯಲ್ಲಿ ಎರಡನೇ ಇಯತ್ತೆಯಲ್ಲಿದ್ದಳು. ಎಲ್ಲರಿಗೂ ಇಂಥ ಚಿಗವ್ವ ಸಿಗಲಿಲ್ಲ. ನಿಜಕ್ಕೂ ಕಾಯಿಲೆಯಿದ್ದವರು ಬೇರೆ ಆಸ್ಪತ್ರೆಗಳಿಗೆ ಹೋದರು. ಹತ್ತಿ ಹಿಡಿಯುತ್ತಿದ್ದ ಮುದುಕಿಯ ಮಗ ಬರಲೇ ಇಲ್ಲ. ಆಕೆ ಒಂದು ಆಶ್ರಯಧಾಮ ಸೇರಿದಳು. ವರ್ಷದೊಳಗೆ ಆಸ್ಪತ್ರೆ ಮುಚ್ಚಿತು, ನಾನು ಬ್ಯಾಡಗಿಗೆ ಬಂದು ಈ ಅಂಗಡಿ ಹಾಕಿದೆ. ಮಹಾದೇವಿ ಸಿಸ್ಟರನ್ನು ಸುತ್ತಲಿನ ಯಾವ ಖಾಸಗಿ ಆಸ್ಪತ್ರೆಯೂ ಕೆಲಸಕ್ಕೆ ಕರೆಯಲಿಲ್ಲ. ಒಂದು ವರ್ಷ ಮನೆಯಲ್ಲಿದ್ದು, ಆಮೇಲೆ ಹಳ್ಳಿಯ ಸರಕಾರಿ ದವಾಖಾನೆಯೊಂದರಲ್ಲಿ ಸೇರಿಕೊಂಡರು.

ಅವರಿಗೆ ಒಮ್ಮೆ ಫೋನು ಮಾಡಿದ್ದೆ. ನನ್ನ ಪರಾಕ್ರಮ ಅವರ ಕಿವಿಗೆ ಬಿದ್ದಿರಬಹುದೆಂಬ ಆಸೆ. ಬಿದ್ದಿತ್ತು. "ಮಂಡಳಿ ಮುಂದ ಹೇಳೀರಂತ. ಚಲೋ ಆತು" ಎಂದರು. ಹಿಂದೆಯೇ, "ಸಹಿ ಮಾಡುವಾಗ ಓದಿದ್ರ ಇನ್ನೂ ಚಲೋ ಆಗತಿತ್ರಿ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಆ ಮಾತಿಗೆ ಇವತ್ತಿಗೂ ಅಷ್ಟೇ ತೂಕ ಇದೆ.

ಮೊನ್ನೆ, ಎಣ್ಣೆ ಒರೆಸಿದ ದಿನವೇ, ಸಂಜೆ ಒಬ್ಬಾತ ಬೈಕು ನಿಲ್ಲಿಸಿ ಅಂಗಡಿಗೆ ಬಂದ. ಕೈಯಲ್ಲಿ ಯಾವುದೋ ಡಾಕ್ಟರ ಹಳೆಯ, ಮಾಸಿದ ಚೀಟಿ. ತಗ್ಗಿದ ದನಿಯಲ್ಲಿ, "ಮನ್ಯಾಗ ಹೆಂಡತಿ ಭಾಳ ಮಾತಾಡತಾಳ್ರಿ, ಅಳತಾಳ. ಆಕಿಗೆ ಗೊತ್ತಾಗದಂಗ ಪಲ್ಯೆದಾಗ ಹಾಕಾಕ ಹನಿ ಔಷಧ ಐತೇನ್ರಿ? ಲಗೂ ಕೊಡ್ರಿ" ಎಂದ. ಮೊದಲಾಗಿದ್ದರೆ ಚೀಟಿ ಹಳೆಯದು ಎಂದು ಹೇಳಿ ಕಳಿಸಿಬಿಡುತ್ತಿದ್ದೆ. ಅಂಗಡಿಕಾರನ ಧರ್ಮ ಅಲ್ಲಿಗೆ ಮುಗಿಯುತ್ತದೆ. ಆತ ಮುಂದಿನ ಅಂಗಡಿಗೆ ಹೋಗುತ್ತಿದ್ದ. ಆತನ ಹೆಗಲ ಮೇಲಿಂದ ನೋಡಿದೆ. ಬೈಕಿನ ಹಿಂದೆ, ಇಳಿಬಿಸಿಲಿಗೆ ಸೆರಗು ಅಡ್ಡ ಹಿಡಿದು, ಒಬ್ಬ ಹೆಣ್ಣುಮಗಳು ಕೂತಿದ್ದಳು.

ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದೆ. "ಅವ್ವಾ, ಒಳಗ ಬರ್ರಿ. ನೆಳ್ಳಾಗ ಕುಂದ್ರಿ. ಏನ್ ತ್ರಾಸ ಐತಿ, ನೀವ ಹೇಳ್ರಿ. ಆಮ್ಯಾಗ ಯಾವ ಡಾಕ್ಟರ್ ಕಡೆ ಹೋಗೂದು ಅಂತ ನೋಡೂಣು" ಎಂದೆ.

ಆಕೆ ಮೊದಲು ಗಂಡನ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನೂ ಆಕೆಯ ಮುಖ ನೋಡಿದೆ. ಆಕೆ ನಿಧಾನವಾಗಿ ಬೈಕಿನಿಂದ ಇಳಿದು ಬಂದು ಬೆಂಚಿನ ಮೇಲೆ ಕೂತಳು, ಸೆರಗು ಸರಿಮಾಡಿಕೊಂಡು, "ಮೊದಲಿಂದ ಹೇಳ್ಲೇನ್ರಿ?" ಎಂದಳು.

"ಮೊದಲಿಂದನ ಹೇಳ್ರಿ" ಎಂದೆ.