ಅಣವೀರಪ್ಪ ಮಾಸ್ತರರ ಮೂರು ಗಾಲಿ

ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಅಣವೀರಪ್ಪ ಮಾಸ್ತರರು ಗಾಜಿಪುರದ ಮನೆಯಲ್ಲಿ ಒಂದು ಮುದಿ ಕಂಪ್ಯೂಟರನ್ನು ಸಾಕಿಕೊಂಡಿದ್ದಾರೆ. ಅದರಲ್ಲಿ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಬಿಟ್ಟು ಬೇರೇನು ಹಾಕಿದರೂ ಅವರ ಪ್ರಕಾರ ಮಹಾಪರಾಧ. ಸೂಪರ್ ಮಾರ್ಕೆಟ್ ಬಜಾರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡನ್ನು ಅದರೊಳಗೆ ಕೂರಿಸಿ ಎರಡು ವರ್ಷವಾಯಿತು. ಕಾರ್ಡು ಇನ್ನೂ ಕೆಲಸಕ್ಕೆ ಹಾಜರಾಗಿಲ್ಲ, ಚಿತ್ರ ಬಿಡಿಸುವ ಹೊರೆಯನ್ನೆಲ್ಲ ಬಡಪಾಯಿ ಪ್ರೊಸೆಸರೇ ಹೊರುತ್ತಿದೆ. "ಸೆಟ್ಟಿಂಗಿನಾಗ ಒಂದ ಸಾಲು ತಿದ್ದೂದು ಉಳದದರಿ" ಎಂದು ಅವರು ಬೆಳಗಿನ ಬಸ್ಸಿನಲ್ಲಿ ಹೇಳದ ದಿನವಿಲ್ಲ. ಅದಕ್ಕೇ ಅವರ ಪಕ್ಕದ ಸೀಟು ಯಾವಾಗಲೂ ಖಾಲಿ. ಸಂಜೆ ಆ ಸಾಲು ತಿದ್ದುತ್ತಾರೆ, ಪರದೆ ಕಪ್ಪಾಗುತ್ತದೆ, "ಅಂದ್ರ ಸಮೀಪ ಬಂದೀವಿ" ಎನ್ನುತ್ತಾರೆ. ಕಾರ್ಡಿನ ಪರೀಕ್ಷೆಗೆಂದೇ ಇರುವ ಪ್ರೋಗ್ರಾಮಿನಲ್ಲಿ ಮೂರು ಹಲ್ಲುಗಾಲಿಗಳು ಸರಾಗವಾಗಿ ತಿರುಗಬೇಕು. ಇವರ ಕಂಪ್ಯೂಟರಿನಲ್ಲಿ ಅವು ತಡೆತಡೆದು ಕುಂಟುತ್ತವೆ. ಕಪನೂರಿನ ಬೇಳೆ ಮಿಲ್ಲಿನಲ್ಲಿ ಮೂವತ್ತು ವರ್ಷ ಫಿಟ್ಟರಾಗಿದ್ದ ತಂದೆ ದೌಲಪ್ಪ ಹಿಂದೆ ಕುರ್ಚಿ ಹಾಕಿಕೊಂಡು ಕೂತು, "ಹಲ್ಲಿಗಿ ಹಲ್ಲು ಕೂಡವಲ್ದು. ನಿನ್ನ ಕೈಲೆ ಆಗಂಗಿಲ್ಲ" ಎಂದು ತೀರ್ಪು ಕೊಡುತ್ತಾರೆ. "ಅವು ಖರೇ ಗಾಲಿ ಅಲ್ಲ ಅಪ್ಪ, ಬರೀ ಚಿತ್ರ" ಎಂದು ಮಾಸ್ತರರು ಅರ್ಧ ಗಂಟೆ ಪಾಠ ಮಾಡುತ್ತಾರೆ. ಕಳೆದ ರವಿವಾರ ಕಾರ್ಡಿಗೆ ಅದೇನೆನಿಸಿತೋ, ಎಚ್ಚೆತ್ತಿತು. ಗಾಲಿಗಳು ಎಣ್ಣೆ ಬಿಟ್ಟ ಹಾಗೆ ತಿರುಗಿದವು. ದೌಲಪ್ಪ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. "ಸಣ್ಣ ಗಾಲಿ ಛಲೋ ಕೂತದ. ಯಾರು ಕೂಡಿಸ್ಯಾರ?" ಎಂದು ಕೇಳಿದರು. ಮಾಸ್ತರರು ಈ ಸಲ ಪಾಠ ಮಾಡಲಿಲ್ಲ. "ನಾನೇ ಕೂಡಿಸೀನಿ, ಅಪ್ಪ" ಎಂದರು.