ಬೇಡವೆಂದ ಮರ

ಕ್ಯೂಸಾಕುವಿನಂಥ ಮೊಂಡನನ್ನು ಈ ಕಣಿವೆಯಲ್ಲಿ ನಾನಂತೂ ಕಂಡಿಲ್ಲ. ಅವನ ಪಕ್ಕದ ಮನೆಯಲ್ಲಿ ತೋಫು ಮಾಡಿ ಮಾರುತ್ತಲೇ ಮುದುಕಿಯಾದವಳು ನಾನು, ಸೆಕಿ. ಅವನ ಕತೆ ಹೇಳುವ ಹಕ್ಕು ಬೇರೆ ಯಾರಿಗಿಂತ ನನಗೇ ಹೆಚ್ಚು. ಅವನನ್ನು ಬೈಯುವ ಹಕ್ಕೂ ನನ್ನದೇ.

ಮರ ಕಡಿಯುವುದು ಅವನ ಕಸುಬು. ಕಡಿಯುವ ಮುಂಚೆ ಮರವನ್ನು ಕೇಳುವುದು ನಮ್ಮ ಬೆಟ್ಟದ ರೂಢಿ. ಸಂಜೆ ಕೊಡಲಿಯನ್ನು ಬುಡಕ್ಕೆ ಒರಗಿಸಿ ಮನೆಗೆ ಬರಬೇಕು. ಬೆಳಗ್ಗೆ ಹೋದಾಗ ಅದು ನಿಂತೇ ಇದ್ದರೆ ಮರ ಒಪ್ಪಿದೆ, ಬಿದ್ದಿದ್ದರೆ ಒಪ್ಪಿಲ್ಲ. ಕಡಿದಾದ ಮೇಲೆ ಅದೇ ಮರದ ತುದಿಯ ಕೊಂಬೆಯೊಂದನ್ನು ತಂದು ಉಳಿದ ಬುಡದಲ್ಲಿ ಸಿಕ್ಕಿಸಬೇಕು, ಅದರ ಜೀವ ಬೆಟ್ಟಕ್ಕೆ ಮರಳಲಿ ಅಂತ. ಉಳಿದವರು ದೊಡ್ಡ ಮರಗಳಿಗೆ ಮಾತ್ರ ಇಷ್ಟೆಲ್ಲ ಮಾಡುತ್ತಿದ್ದರು. ಈ ಪುಣ್ಯಾತ್ಮ ಸೌದೆಯ ಮರಕ್ಕೂ ಮಾಡುತ್ತಿದ್ದ. ಕೊಡಲಿ ಗಾಳಿಗೆ ಬಿದ್ದಿರಬೇಕು ಮಾರಾಯ ಅಂದರೆ, ಗಾಳಿಯೇನು ಬೆಟ್ಟಕ್ಕೆ ಹೊರಗಿನದೇ ಅನ್ನುತ್ತಿದ್ದ. ನರಿ ಮೂತಿ ತಾಗಿಸಿರಬೇಕು ಅಂದರೆ, ನರಿಯದೂ ಒಂದು ಮಾತು ಇರಬಾರದೇ ಅನ್ನುತ್ತಿದ್ದ. ಅವನ ಲೆಕ್ಕದಲ್ಲಿ ಬೆಟ್ಟದ ಪಂಚಾಯಿತಿಯಲ್ಲಿ ಮನುಷ್ಯ ಹಿಂದಿನ ಸಾಲಿನಲ್ಲಿ ಕೂರಬೇಕಾದವನು.

ಬೆಳಗಿನ ಜಾವ ಕೊಡಲಿ ನೋಡಲು ಅವನು ಹೋಗುವುದು ನನ್ನ ಕಿಟಕಿಗೆ ಕಾಣುತ್ತಿತ್ತು. ಒಳಗೆ ಸೋಯಾ ಕಾಳು ಬೇಯುವ ಹಬೆ, ಹೊರಗೆ ಹೊಳೆಯಿಂದ ಎದ್ದ ಮಂಜು. ಅದರೊಳಗೆ ಅವನು ಕಾಲೇ ಇಲ್ಲದವನ ಹಾಗೆ ತೇಲಿಕೊಂಡು ಹೋಗುತ್ತಿದ್ದ. ನಾನು ಎದ್ದಿದ್ದೇನೋ, ಇನ್ನೂ ಕನಸಿನಲ್ಲೇ ಇದ್ದೇನೋ ಅಂತ ಎಷ್ಟೋ ಸಲ ಕೈ ಚಿವುಟಿಕೊಂಡಿದ್ದೇನೆ.

ಅವನ ಹೆಂಡತಿ ಬೇಗ ಹೋದಳು. ಇದ್ದವಳು ಒಬ್ಬಳೇ ಮಗಳು, ಫುಸಾಯೆ. ಅವಳನ್ನು ಹೊಳೆಯ ಆಚೆ ದಡಕ್ಕೆ ಕೊಟ್ಟಿದ್ದ. ಮೊದಲನೇ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ. ಅವಳು ಉಳಿದದ್ದು ಈಚೆ ದಡದ ನಮ್ಮ ಸೂಲಗಿತ್ತಿ ಹಾರುವಿನ ಕೈಗುಣದಿಂದ. ಎರಡನೆಯದಕ್ಕೆ ದಿನ ಹತ್ತಿರವಾದಾಗ ಹಿಮ ಕರಗಿ ಹೊಳೆ ಉಕ್ಕಿ ಹಳೆಯ ಸೇತುವೆಯನ್ನು ಹೊತ್ತುಕೊಂಡು ಹೋಯಿತು. ದೋಣಿ ನಿಲ್ಲುವ ನೀರಲ್ಲ, ಅದರ ಸದ್ದಿನಲ್ಲಿ ಕೂಗಿದರೆ ಕೇಳಿಸುವಂತೆಯೂ ಇರಲಿಲ್ಲ. ಅಳಿಯ ದಿನಾ ಬೆಳಗ್ಗೆ ಅಂಗಳದ ಗಳಕ್ಕೆ ಬಿಳಿ ಬಟ್ಟೆ ಕಟ್ಟುತ್ತಿದ್ದ, ಎಲ್ಲ ಕ್ಷೇಮ ಅಂತ. ಕ್ಯೂಸಾಕು, ನಾನು ಇಬ್ಬರೂ ಈಚೆ ದಡದಲ್ಲಿ ನಿಂತು ಅದನ್ನು ನೋಡಿ ಬರುತ್ತಿದ್ದೆವು.

ಹೊಳೆ ಕಿರಿದಾಗುವ ತಿರುವಿನಲ್ಲಿ ಒಂದು ತೊಚಿ ಮರವಿತ್ತು, ನೀರಿನ ಕಡೆಗೇ ಬಾಗಿಕೊಂಡು. ಯುದ್ಧದ ಕಾಲದಲ್ಲಿ ಬೆಟ್ಟವನ್ನೆಲ್ಲ ಬೋಳಿಸಿದಾಗ ಉಳಿದುಕೊಂಡ ಹಳೆಯ ಮರ ಅದೊಂದೇ. ಅಕ್ಕಿ ಕಾಣದ ವರ್ಷಗಳಲ್ಲಿ ಅದರ ಕಾಯಿಯ ಕಹಿ ತೆಗೆದು ಕುಟ್ಟಿ ತಿಂದು ಬದುಕಿದವರು ನಾವು. ಅದನ್ನು ಕಡಿದು ಕೆಡವಿದರೆ ತುದಿ ಆಚೆ ದಡಕ್ಕೆ ತಾಗುತ್ತದೆ, ಸೂಲಗಿತ್ತಿ ಹಾರು ದಾಟಬಹುದು ಅಂತ ಊರಿನ ಹಿರಿಯ ಜಿನ್‌ಬೆ ಹೇಳಿದ. ಕ್ಯೂಸಾಕು ಸಂಜೆ ಕೊಡಲಿ ಒರಗಿಸಿ ಬಂದ. ಬೆಳಗ್ಗೆ ಅದು ಬಿದ್ದಿತ್ತು. ಮಾರನೆಯ ಸಂಜೆ ಮತ್ತೆ ಒರಗಿಸಿದ. ಮತ್ತೆ ಬಿದ್ದಿತ್ತು.

ಕೊಡಲಿಯನ್ನು ಮರಕ್ಕೆ ಹಗ್ಗದಿಂದ ಕಟ್ಟಿಬಿಡು ಅಂದ ಜಿನ್‌ಬೆ.

"ಕಟ್ಟಿಹಾಕಿ ಒಪ್ಪಿಗೆ ಕೇಳೋದಾದ್ರೆ ಕೇಳೋದಾದ್ರೂ ಯಾಕೆ?" ಅಂದ ಕ್ಯೂಸಾಕು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಮಗಳಿಗಿಂತ ಮರ ಹೆಚ್ಚಾಯಿತೇನೋ ನಿನಗೆ ಅಂತ ಊರವರ ಎದುರೇ ಕೇಳಿದೆ. ಮರುದಿನ ಬೆಳಗ್ಗೆ ಮಂಜು ಸರಿದಾಗ ಗಳದ ಮೇಲೆ ಹಾರುತ್ತಿದ್ದದ್ದು ಕೆಂಪು ಬಟ್ಟೆ.

ಅವನು ಕೊಡಲಿಯನ್ನು ಒರಗಿಸಲಿಲ್ಲ, ಎತ್ತಿಯೇಬಿಟ್ಟ. ಗಂಡಸರು ಸರದಿಯ ಮೇಲೆ ಕಡಿಯಲು ಬಂದರೆ ಯಾರನ್ನೂ ಮುಟ್ಟಗೊಡಲಿಲ್ಲ. ಇದು ನನ್ನ ಒಬ್ಬನ ಮೇಲೇ ಇರಲಿ ಅಂದ. ಮಧ್ಯಾಹ್ನದ ಹೊತ್ತಿಗೆ ಮರ ಉರುಳಿತು. ಹಾರು ಉಡುಪು ಎತ್ತಿ ಬಿಗಿದು, ಬುಟ್ಟಿ ಬೆನ್ನಿಗೆ ಕಟ್ಟಿಕೊಂಡು ಅದರ ಮೇಲೆ ಅಂಬೆಗಾಲಿಟ್ಟುಕೊಂಡು ದಾಟಿದಳು. ಸಂಜೆಗೆ ಗಳದ ಮೇಲೆ ಬಿಳಿ ಬಟ್ಟೆ ಬಂತು. ತಾಯಿ, ಹೆಣ್ಣುಮಗು ಇಬ್ಬರೂ ಕ್ಷೇಮ. ನಾನು ಗೊಳೋ ಅಂತ ಅತ್ತೆ. ನಡಿ, ಮೊಮ್ಮಗಳನ್ನು ನೋಡಿ ಬರೋಣ ಅಂತ ಅವನ ತೋಳು ಹಿಡಿದು ಎಳೆದೆ. ಅವನು ಬರಲಿಲ್ಲ.

ಊರವರು ಅದೇ ಮರದ ಮೇಲೆ ಹಲಗೆ ಹೊಡೆದು ಸೇತುವೆ ಮಾಡಿದರು. ದಡದಲ್ಲಿ ಕಲ್ಲು ನೆಟ್ಟು ‘ಮಗುವಿಗಾಗಿ ಪ್ರಾಣ ಕೊಟ್ಟ ಮರ’ ಅಂತ ಕೊರೆಸೋಣ ಅಂದ ಜಿನ್‌ಬೆ. ಕ್ಯೂಸಾಕು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅವತ್ತೊಂದೇ ದಿನ.

"ಕೊಟ್ಟಿತು ಅನ್ಬೇಡಿ. ಅದು ಬೇಡ ಅಂದಿತ್ತು. ನಾವು ಕಿತ್ಕೊಂಡ್ವಿ."

ಕಲ್ಲನ್ನು ಏನೂ ಕೊರೆಯದೆ ನೆಟ್ಟರು.

ಆಮೇಲೆ ಅವನು ಕೊಡಲಿ ಹಿಡಿಯಲಿಲ್ಲ. ಅಣಬೆ, ಸೊಪ್ಪು ಆಯ್ದು ತಂದು ಮಾರಿ ಬದುಕಿದ. ಸೇತುವೆಯ ಮೇಲೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಬಟ್ಟೆ ಎತ್ತಿಕೊಂಡು ಹೊಳೆ ಹಾಯ್ದು ಮೊಮ್ಮಗಳ ಮುಖ ನೋಡಿದ. ಬರುವಾಗ ಆಚೆ ದಡದಲ್ಲಿ ಬಿದ್ದಿದ್ದ ಮರದ ತುದಿಯಿಂದ ಒಣಗಿದ ಕೊಂಬೆ ಮುರಿದು ತಂದು ಬುಡಕ್ಕೆ ಸಿಕ್ಕಿಸಿದ. ಪ್ರತಿ ವರ್ಷವೂ ಹೀಗೇ. ಹೊಳೆ ತುಂಬಿದರೆ ಈಚೆ ದಡದಲ್ಲಿ ಅವನು, ಆಚೆ ದಡದಲ್ಲಿ ಆ ಹುಡುಗಿ ತೊಮೊ, ಕೈ ಬೀಸಿಕೊಂಡು ನಿಂತಿರುತ್ತಿದ್ದರು. ನಡುವೆ ಸೇತುವೆ ಸುಮ್ಮನೆ ಬಿದ್ದಿರುತ್ತಿತ್ತು, ಅಜ್ಜ ತುಳಿಯದ್ದನ್ನು ಅವಳೂ ತುಳಿಯಳು. ಕತ್ತೆ, ಯಾರಿಗೋಸ್ಕರ ಈ ಶಿಕ್ಷೆ ಅಂತ ಒಮ್ಮೆ ಬೈದೆ.

"ಶಿಕ್ಷೆ ಅಲ್ಲ ಸೆಕಿ. ಮಗಳು ಬದುಕಿದ್ದು ನಂಗೆ ಖುಷಿ. ಹಂಗಂತ ಅದರ ಬೆನ್ನ ಮೇಲೆ ಹೆಂಗೆ ನಡೀಲಿ?"

ಕಾಡೆಲ್ಲ ಕೆಂಪಾಗಿ ಎಲೆ ಉದುರುವ ಒಂದು ಬೆಳಗ್ಗೆ ಅವನು ಏಳಲಿಲ್ಲ. ನಮ್ಮ ಗುಡಿ, ಸಮಾಧಿಗಳು ಎಲ್ಲ ಇರುವುದು ಆಚೆ ದಡದಲ್ಲಿ. ಹೆಣದ ಪೆಟ್ಟಿಗೆ ಹೊತ್ತ ಗಂಡಸರು ಸೇತುವೆಯ ಹತ್ತಿರ ಬಂದು ನಿಂತರು. ಹೋದವನಿಗೆ ಇನ್ನೇನು ಗೊತ್ತಾಗುತ್ತದೆ, ಸೇತುವೆ ಮೇಲೇ ನಡೀರಿ, ನೀರು ಹಿಮದ ಹಾಗೆ ಕೊರೆಯುತ್ತಿದೆ ಅಂದ ಜಿನ್‌ಬೆ. ಸುಳ್ಳೇಕೆ, ನನಗೂ ಹಾಗೇ ಅನ್ನಿಸಿತು. ನನ್ನ ಮಂಡಿ ಎರಡೂ ಹೋಗಿದ್ದವು.

ಫುಸಾಯೆ ಮುಂದೆ ಬಂದು ಪೆಟ್ಟಿಗೆಯ ಮೇಲೆ ಕೈ ಇಟ್ಟಳು.

"ಮರಕ್ಕೆ ಬಾಯಿಲ್ಲ ಅಂತ ಅದರ ಮಾತು ಮೀರಿದ್ವಿ, ನನಗೋಸ್ಕರ. ಇವತ್ತು ಅಪ್ಪಂಗೂ ಬಾಯಿಲ್ಲ. ಇನ್ನೊಂದ್ಸಲ ಬೇಡ."

ಅವಳು ಚಪ್ಪಲಿ ಬಿಟ್ಟು ನೀರಿಗಿಳಿದಳು, ಹಿಂದೆಯೇ ತೊಮೊ. ಹೊತ್ತವರು ಮುಖ ಮುಖ ನೋಡಿಕೊಂಡು ಸೇತುವೆಯಿಂದ ಪಕ್ಕಕ್ಕೆ ತಿರುಗಿದರು. ಊದುಬತ್ತಿ ನೆನೆಯದ ಹಾಗೆ ತಲೆಯ ಮೇಲೆ ಹಿಡಿದುಕೊಂಡು, ಅವನನ್ನು ಬೈಯುತ್ತಲೇ ನಾನೂ ಇಳಿದೆ. ನೀರು ತೊಡೆಯ ತನಕ ಇತ್ತು.