ಅರ್ಧ ದಿನದ ರೋಜಾ

ನಮ್ಮ ಅಂಗನವಾಡಿ ಟೀಚರ ಸೆರಗಿನ ತುದಿ ಬೆಳಿಗ್ಗೆ ಹತ್ತರ ಹೊತ್ತಿಗೇ ಒದ್ದೆಯಾಗಿರುತ್ತಿತ್ತು. ಚೊಂಬಿನ ನೀರಿನಲ್ಲಿ ಅದನ್ನು ಅದ್ದಿ, ನಮ್ಮ ಮೂಗು, ಬಾಯಿ, ಅಂಗೈಗಳನ್ನು ಒರೆಸಿದ ಮೇಲೆಯೇ ಅವರು ಪಾಠ ಶುರು ಮಾಡುತ್ತಿದ್ದರು. "ಮೂಗು ಸೋರ್ತಾ ಇದ್ರೆ ಅಕ್ಷರ ಜಾರೋಗ್ತವೆ ಕಣ್ರೋ" ಎನ್ನುವುದು ಅವರ ಮಾತು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತುಮಕೂರಿನ ನಮ್ಮ ಗಲ್ಲಿಯ ತಾಯಂದಿರಲ್ಲಿ ಹೆಚ್ಚಿನವರು ಮನೆಯಲ್ಲೇ ಬೀಡಿ ಕಟ್ಟುತ್ತಿದ್ದರು. ಮೊರದ ಮುಂದೆ ಕೂತ ಹೆಂಗಸಿನ ತೊಡೆಯ ಮೇಲೆ ಮಗುವಿದ್ದರೆ ಕೆಲಸ ಸಾಗದು. ತಂಬಾಕಿನ ಘಾಟಿನಲ್ಲಿ ಮಗು ಬೆಳೆಯಲೂಬಾರದು. ಮುಖ್ಯರಸ್ತೆಯ ಕಾನ್ವೆಂಟಿನ ಫೀಸು ಕೊಡುವ ಶಕ್ತಿ ಯಾರಿಗೂ ಇರಲಿಲ್ಲ. ನಮಗಿದ್ದದ್ದು ಮಸೀದಿಯ ಹಿಂದಿನ ಶೀಟು ಹೊದಿಸಿದ ಬಾಡಿಗೆ ಕೋಣೆ, ಅಲ್ಲಿಯ ಬಿಸಿ ಉಪ್ಪಿಟ್ಟು, ಮತ್ತು ಟೀಚರ್. ಇದನ್ನು ಸರ್ಕಾರದ ಉಪಕಾರವೆಂದು ನಮ್ಮವರು ತಿಳಿದಿದ್ದರು. ಮಕ್ಕಳ ಹಕ್ಕೆಂದು ತಿಳಿದವರು ಟೀಚರ್ ಒಬ್ಬರೇ.

ಅವರು ಗೂಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಸಹಾಯಕ್ಕಿರಬೇಕಾದ ಆಯಾಳ ಹುದ್ದೆ ಖಾಲಿ ಬಿದ್ದಿದ್ದರಿಂದ ಒಲೆ ಹಚ್ಚುವುದೂ, ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದೂ ಅವರ ಪಾಲಿಗೇ ಬಂದಿತ್ತು. ಬಾಗಿಲ ಮರೆಯಲ್ಲಿ ಅಡಗಿದವನನ್ನು, "ಏನ್ಲಾ, ನವಾಬ್ರಿಗೆ ಪಲ್ಲಕ್ಕಿ ತರಿಸ್ಲಾ?" ಎಂದು ಕೆಣಕಿ ಸೊಂಟಕ್ಕೆ ಏರಿಸಿಕೊಳ್ಳುತ್ತಿದ್ದರು.

ರಂಜಾನ್ ಬಂದಾಗ ಅವರಿಗೆ ತೊಡಕು ಎದುರಾಯಿತು. ಮನೆಯ ದೊಡ್ಡವರನ್ನು ಕಂಡು ನಾವೂ ಉಪವಾಸ ಹೂಡಿದೆವು. ತಟ್ಟೆ ಮುಂದಿಟ್ಟರೆ "ನಂಗೆ ರೋಜಾ" ಎಂದು ಬಾಯಿ ಬಿಗಿಹಿಡಿಯುತ್ತಿದ್ದೆವು. ಟೀಚರ್ ಗದರಿಸಲಿಲ್ಲ. ನೇರವಾಗಿ ನನ್ನ ದಾದಿಯ, ಅಂದರೆ ಅಪ್ಪನ ತಾಯಿಯ, ಬಳಿ ಬಂದರು.

"ಅದ್ಕೇನ್ ಟೀಚರಮ್ಮ, ಮಕ್ಳಿಗೆ ಅಂತ್ಲೇ ಚಿಡಿಯಾ ರೋಜಾ ಇದೆಯಲ್ಲ," ಎಂದು ದಾದಿ ನಕ್ಕರು. "ಗುಬ್ಬಚ್ಚಿ ಹೊಟ್ಟೆಗೆ ಗುಬ್ಬಚ್ಚಿ ಉಪವಾಸ. ಅರ್ಧ ದಿನಕ್ಕೇ ಮುಗೀತು. ಮಧ್ಯಾಹ್ನ ಒಂದ್ ಚೂರು ಖರ್ಜೂರ ಬಾಯಿಗಿಟ್ಟು ಬಿಡಿಸ್ಬಿಡಿ."

ಅಂದಿನಿಂದ ಉಪ್ಪಿಟ್ಟಿನ ಹೊತ್ತು ಬದಲಾಯಿತು. ಹನ್ನೆರಡಕ್ಕೆ ಟೀಚರ್ ತಟ್ಟೆ ಬಡಿಯುವರು. ದಾದಿ ಕಳಿಸಿದ ಖರ್ಜೂರ ಬಾಯಿಗೆ ಬೀಳುವುದು. ನೋಡನೋಡುತ್ತಲೇ ಪಾತ್ರೆ ಖಾಲಿ.

ಹಾಗಿರುವಾಗ ಒಂದು ದಿನ ಹನ್ನೊಂದಕ್ಕೆ ಇಲಾಖೆಯ ಅಧಿಕಾರಿಣಿ ಜೀಪಿನಿಂದ ಇಳಿದರು. ಪಾತ್ರೆ ತುಂಬ ಉಪ್ಪಿಟ್ಟು, ಸುತ್ತ ಬಾಯಿ ಮುಚ್ಚಿಕೊಂಡ ಮಕ್ಕಳು. ಅಧಿಕಾರಿಣಿಯೇ ಬಡಿಸಿದರೂ ಒಬ್ಬರೂ ಮುಟ್ಟಲಿಲ್ಲ. ಅದನ್ನು ಅವರು ಡೈರಿಯಲ್ಲಿ ಬರೆದುಕೊಂಡರು.

"ಮಕ್ಳೇ ತಿನ್ನಲ್ಲ ಅಂದ್ಮೇಲೆ ಈ ಸೆಂಟರ್ ಯಾಕ್ರೀ ಇಲ್ಲಿ? ಬೇರೆ ವಾರ್ಡಿಗೆ ಶಿಫ್ಟ್ ಮಾಡಿಸ್ತೀನಿ."

"ಈ ತಿಂಗ್ಳು ಹನ್ನೆರಡಕ್ಕೆ ತಿಂತಾರೆ ಮೇಡಂ. ಒಂದ್ ಗಂಟೆ ಕೂತ್ಕೊಳಿ, ನೀವೇ ನೋಡ್ತೀರ."

"ನಂಗೇನ್ ಬೇರೆ ಕೆಲ್ಸ ಇಲ್ವಾ?"

ಜೀಪು ಹೊರಟಿತು. ಟೀಚರ್ ಪಾತ್ರೆಗೆ ಮುಚ್ಚಳ ಹಾಕಿ, ಗಲ್ಲಿಗೆ ಇಳಿದು ತಾಯಂದಿರನ್ನು ಕೂಗಿದರು. ಇಬ್ಬರು ಪಾತ್ರೆ ಹಿಡಿದರು. ಉಳಿದವರು ಮಕ್ಕಳನ್ನು ಎತ್ತಿಕೊಂಡರು. ಎಲ್ಲರೂ ಬಿಸಿಲಲ್ಲಿ ಇಲಾಖೆಯ ಕಚೇರಿಗೆ ನಡೆದೆವು. ಅಲ್ಲಿಯ ವರಾಂಡದಲ್ಲಿ ನಮ್ಮನ್ನು ಸಾಲಾಗಿ ಕೂರಿಸಿ, ಗೋಡೆ ಗಡಿಯಾರದಲ್ಲಿ ಹನ್ನೆರಡಾದೊಡನೆ ಟೀಚರ್ ತಟ್ಟೆ ಬಡಿದರು. ಗುಮಾಸ್ತರು ಎದ್ದು ಬಂದರು. ಅಧಿಕಾರಿಣಿಯೂ ಬಂದರು. ನಾವು ತಲೆಯೆತ್ತದೆ ತಿನ್ನುತ್ತಿದ್ದೆವು.

"ಬಾಯಿ ಮುಚ್ಕೊಂಡಿದ್ದು ಬರ್ಕೊಂಡ್ರಲ್ಲ ಮೇಡಂ, ತೆಗೆದಿದ್ದೂ ಬರ್ಕೊಳಿ."

ಅಧಿಕಾರಿಣಿ ಬಾಯಿ ತೆರೆಯುವ ಮುನ್ನವೇ ನನ್ನ ಪಕ್ಕದ ಹುಡುಗ ಅವರತ್ತ ತಟ್ಟೆ ಚಾಚಿ, "ಇನ್ನೊಂದ್ ಸ್ವಲ್ಪ ಹಾಕ್ರೀ" ಎಂದ.

ಕೇಂದ್ರ ನಮ್ಮ ಗಲ್ಲಿಯಲ್ಲೇ ಉಳಿಯಿತು. ಆದರೆ ಅನುಮತಿಯಿಲ್ಲದೆ ಮಕ್ಕಳನ್ನು ಹೊರಗೆ ಕರೆದೊಯ್ದದ್ದಕ್ಕೆ ಟೀಚರಿಗೆ ನೋಟಿಸು ಬಂತು. ಒಂದು ಗಂಟೆ ಕಾಯಲೊಲ್ಲದವರಿಗೆ ಯಾವ ನೋಟಿಸೂ ಬರಲಿಲ್ಲ. ಮುಂದೆ ವಿಶ್ವವಿದ್ಯಾಲಯದಲ್ಲಿ ಹೊಣೆಗಾರಿಕೆಯನ್ನು ಕುರಿತು ಪುಟಗಟ್ಟಲೆ ಬರೆದಾಗಲೂ ನನಗೆ ವಿವರಿಸಲಾಗದೆ ಉಳಿದದ್ದು ಇದೊಂದೇ: ಅದು ಯಾಕೆ ಸದಾ ಅತಿ ಕಡಿಮೆ ಸಂಬಳದವರನ್ನೇ ಹುಡುಕಿಕೊಂಡು ಬರುತ್ತದೆ?

ಎರಡು ಸಾವಿರದ ನಂತರದ ವರ್ಷಗಳಲ್ಲಿ, ಕೆಲಸದಲ್ಲಿದ್ದಾಗಲೇ, ಟೀಚರ್ ಕಾಯಿಲೆ ಬಿದ್ದು ತೀರಿಕೊಂಡರು. ಇಲಾಖೆಯ ಲೆಕ್ಕದಲ್ಲಿ ಅವರು ನೌಕರರಲ್ಲ, ಗೌರವಧನ ಪಡೆಯುವ ಕಾರ್ಯಕರ್ತೆ. ಹಾಗಾಗಿ ಮನೆಯವರಿಗೆ ಪಿಂಚಣಿಯಿಲ್ಲ. ಗೂಳೂರಿಗೆ ಮಣ್ಣಿಗೆ ಹೋದ ನಮ್ಮ ಗಲ್ಲಿಯ ಹೆಂಗಸರಿಗೆ ಇಲಾಖೆಯ ಒಬ್ಬರೂ ಅಲ್ಲಿ ಕಾಣಲಿಲ್ಲ.

ಅವರ ಜಾಗಕ್ಕೆ ಯಾರನ್ನೂ ನೇಮಿಸಲಿಲ್ಲ. ಕೋಣೆಗೆ ಬೀಗ ಬಿತ್ತು. ಗಲ್ಲಿಯ ಮಕ್ಕಳು ತಂಬಾಕಿನ ಘಾಟಿಗೆ ಮರಳಿದರು. ಕಾರಣ ಕೇಳಲು ಹೋದ ನನಗೆ ಈಗಿನ ಅಧಿಕಾರಿ, "ಅಲ್ಲಿ ಮಕ್ಳೇ ಬರ್ತಿಲ್ವಲ್ಲಮ್ಮ, ಹಾಜರಾತಿ ಸೊನ್ನೆ" ಎಂದರು.

"ಬೀಗ ಹಾಕಿರೋ ಬಾಗಿಲಿಗೆ ಯಾವ್ ಮಗು ಬರ್ತದೆ ಸಾರ್?"

ಮುಂದಿನ ವಾರ ಬನ್ನಿ ಎಂದರು. ಹೋದೆ. ಈಗಲೂ ಹೋಗುತ್ತಿದ್ದೇನೆ. ಟೀಚರ ಋಣ ನನ್ನ ಮೇಲಿದೆ, ಅದನ್ನು ಒಪ್ಪಿಕೊಂಡಿದ್ದೇನೆ. ಇಲಾಖೆಯ ಮೇಲೂ ಇದೆ. ಇಲಾಖೆ ಇನ್ನೂ ಒಪ್ಪಿಕೊಂಡಿಲ್ಲ.